ತೊಳೆದ ಗಾಜಿನ ಬಟ್ಟೆ

ಜನವರಿ ೭

ತಂಗೀ,

ಪರದೆ ಏಳಲಿ! ಹನ್ನೊಂದು ವರ್ಷಗಳ ಮೌನವನ್ನು ಭೇದಿಸಿಕೊಂಡು ನಿನ್ನ ಅಣ್ಣ ಬರುತ್ತಿದ್ದಾನೆ! ಒಂದು ಕಾಲಕ್ಕೆ ಮೂವತ್ತಾರು ಸಿಂಹಾಸನಗಳನ್ನು ಏರಿದವನು ಈಗ ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕುಳಿತಿದ್ದಾನೆ. ಅಕ್ಷರ ಓಲಾಡಿದರೆ ಅದು ಸ್ಟೂಲಿನ ದೋಷ, ಕೈಯದಲ್ಲ.

ಸುದ್ದಿ ಇಷ್ಟು: ನಾನು ವಿಮಾನ ಕಟ್ಟುತ್ತಿದ್ದೇನೆ.

ನಗು, ಪರವಾಗಿಲ್ಲ, ಕಾಯುತ್ತೇನೆ. ಮುಗಿಯಿತೆ? ರಟ್ಟಿನದಲ್ಲ, ಬಣ್ಣದ ಕಾಗದದ್ದಲ್ಲ. ಇಬ್ಬರು ಕೂರುವ, ಇಂಜಿನ್ ಇರುವ, ನೆಲ ಬಿಟ್ಟು ನಿಜವಾಗಿ ಏಳುವ ವಿಮಾನ. ಅಂಚೆಯಲ್ಲಿ ನಕ್ಷೆ ತರಿಸಿಕೊಂಡು ಮನೆಯಲ್ಲೇ ಕಟ್ಟಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಪ್ಪನ ನಾಟಕ ಕಂಪನಿ ಮುಚ್ಚಿದ ಮೇಲೆ ವೇಷಭೂಷಣದ ಗೋದಾಮು ಖಾಲಿ ಬಿದ್ದಿತ್ತಲ್ಲ, ಅಲ್ಲೇ ಕೆಲಸ. ಮಧ್ಯಾಹ್ನ ಮಾಡಿನ ಗಾಜಿನಿಂದ ಬಿಸಿಲು ಇಳಿದು ನಿಂತಾಗ, ರೆಕ್ಕೆಯ ಆಕಾರಕ್ಕೆ ಕತ್ತರಿಸಿಟ್ಟ ಫೋಮ್ ತುಂಡುಗಳು ನಿದ್ದೆ ಹೋದ ಯಾವುದೋ ದೊಡ್ಡ ಹಕ್ಕಿಯ ಹಾಗೆ ಕಾಣುತ್ತವೆ. ಅಲ್ಲಿ ನಾನು ಮೆಲ್ಲಗೆ ಮಾತಾಡುತ್ತೇನೆ. ನಾನು! ಮೆಲ್ಲಗೆ!

ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು, “ಇಷ್ಟು ವರ್ಷ ಸಿಂಹಾಸನದಿಂದ ಇಳೀರಿ ಅಂತ ಬೇಡ್ಕೊಂಡೆ, ಇನ್ನು ಮೋಡದಿಂದ ಇಳೀರಿ ಅಂತ ಕೂಗ್ಬೇಕಾ?” ಎನ್ನುತ್ತಾಳೆ. ಆದರೂ ಮೊದಲ ಹಾರಾಟದಲ್ಲಿ ಪಕ್ಕದ ಸೀಟು ತನ್ನದೇ ಎಂದು ಹೇಳಿಟ್ಟಿದ್ದಾಳೆ.

ಈಗ ಪ್ರಶ್ನೆ. ಫೋಮ್ ಬರೀ ಆಕಾರ ಕೊಡುತ್ತದೆ. ಬಲ ಬರುವುದು ಅದರ ಮೇಲೆ ಹೊದಿಸಿ ರಾಳ ಕುಡಿಸುವ ಗಾಜಿನ ಬಟ್ಟೆಯಿಂದ. ನಕ್ಷೆ ಬರೆದ ಮಹಾನುಭಾವ ಒಂದು ಬಟ್ಟೆಯ ನಂಬರ್ ಕೊಟ್ಟಿದ್ದಾನೆ. ಆ ನಂಬರಿನ ಬಟ್ಟೆಯನ್ನು ಈಗ ನೇಯುವುದೇ ಇಲ್ಲವಂತೆ. ಅಂಗಡಿಯವನು ಬದಲಿಗೆ ನಾಲ್ಕು ಮಾದರಿ ಕಳಿಸಿದ್ದಾನೆ. ಮೊದಲನೆಯದು ತುಂಡು ನಾರುಗಳನ್ನು ಸಿಕ್ಕಾಪಟ್ಟೆ ಚೆಲ್ಲಿ ಒತ್ತಿದ ಚಾಪೆ, ದಪ್ಪ, ದರ್ಬಾರಿನ ದ್ವಾರಪಾಲಕನಂತಿದೆ. ಎರಡನೆಯದು ಸಾದಾ ನೇಯ್ಗೆ. ಮೂರನೆಯದನ್ನು ಏನೆಂದು ವರ್ಣಿಸಲಿ! ಸ್ಯಾಟಿನ್ ನೇಯ್ಗೆಯಂತೆ. ಮೊಣಕೈ ಮೇಲೆ ಹಾಕಿದರೆ ನೀರಿನ ಹಾಗೆ ಜಾರುತ್ತದೆ. ನಾಲ್ಕನೆಯದರಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ, ಬಾಚಿದ ಬಿಳಿಗೂದಲಿನ ಹಾಗೆ.

ನೀನು ದೋಣಿ ಕಟ್ಟುವ ಯಾರ್ಡಿನಲ್ಲಿ ಇದೇ ಗಾಜಿನ ಬಟ್ಟೆಯ ಕೆಲಸ ಮಾಡುತ್ತೀಯ ಎಂದು ಕೇಳಿ ಬಲ್ಲೆ. ಯಾವುದನ್ನು ಆರಿಸಲಿ?

ಮೋಡದ ರಾಣಿಯ ವೇಷದಲ್ಲಿ ನೀನು ಹಾರುತ್ತಿದ್ದಾಗ ಹಗ್ಗ ತುಂಡಾದ ಆ ಸಂಜೆಯ ಮಾತು ಇಲ್ಲಿ ಎತ್ತುವುದಿಲ್ಲ. ಹಗ್ಗ ಕಟ್ಟಿದವನು ನಾನು, ನೋಡಿಯೇ ಕಟ್ಟಿದ್ದೆ; ವಿಧಿ ನೋಡಲಿಲ್ಲ. ಅಂದೇ ಹೇಳಿದ್ದೇನೆ. ಬಿಡೋಣ.

ಉತ್ತರದ ದಾರಿ ಕಾಯುವ
ನಿನ್ನ ಅಣ್ಣ

*

ಜನವರಿ ೨೧

ಅಣ್ಣನಿಗೆ,

ಪತ್ರ ಬಂತು. ಯಾರ್ಡಿನ ಮೇಸ್ತ್ರಿಗೆ ಓದಿ ಹೇಳಿದೆ, ಅವರು ನಕ್ಕರು. ನಾನು ನಗಲಿಲ್ಲ. ಬಟ್ಟೆಯ ಬಗ್ಗೆ ಕೇಳಿದ್ದೀಯ, ಬಟ್ಟೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ದ್ವಾರಪಾಲಕನನ್ನು ಮನೆಗೆ ಕಳಿಸು. ಆ ಚಾಪೆ ದೋಣಿಗೆ ಸರಿ. ನಮ್ಮದು ನೀರಿನ ಮೇಲೆ ಕೂತಿರುತ್ತದೆ, ಸ್ವಲ್ಪ ದಪ್ಪಗಾದರೂ ನೀರು ಬೇಜಾರು ಮಾಡಿಕೊಳ್ಳುವುದಿಲ್ಲ. ಚಾಪೆ ಲೆಕ್ಕವಿಲ್ಲದಷ್ಟು ರಾಳ ಕುಡಿಯುತ್ತದೆ. ರಾಳ ಭಾರ ಕೊಡುತ್ತದೆ, ಬಲ ಕೊಡುವುದಿಲ್ಲ. ಬಲ ಇರುವುದು ಎಳೆಯಲ್ಲಿ, ಅದೂ ಎಳೆ ನೆಟ್ಟಗೆ ಮಲಗಿದ್ದರೆ.

ಸಾದಾ ನೇಯ್ಗೆಯಲ್ಲಿ ಪ್ರತಿ ಎಳೆಯೂ ಒಂದರ ಮೇಲೆ, ಇನ್ನೊಂದರ ಕೆಳಗೆ ಹತ್ತಿ ಇಳಿಯುತ್ತದೆ. ಅಂದರೆ ಪ್ರತಿ ಹೆಜ್ಜೆಗೂ ಸ್ವಲ್ಪ ಡೊಂಕು. ಸ್ಯಾಟಿನ್‌ನಲ್ಲಿ ಹಲವು ಎಳೆ ದಾಟಿ ಒಮ್ಮೆ ಮುಳುಗುತ್ತದೆ, ಡೊಂಕು ಕಡಿಮೆ, ರೆಕ್ಕೆಯ ಮುಂದಿನ ಬಾಗಿಗೆ ಸುಕ್ಕಿಲ್ಲದೆ ಒಗ್ಗುತ್ತದೆ. ನಿನಗೆ ಅದು ಚೆಂದ ಅಂತ ಹಿಡಿಸಿದೆ. ಕಾರಣ ತಪ್ಪು, ಆಯ್ಕೆ ಸರಿ. ರೆಕ್ಕೆಯ ಮೈಗೆ ಅದನ್ನೇ ಹಾಕು, ಆದರೆ ಓರೆಯಾಗಿ, ಎಳೆಗಳು ರೆಕ್ಕೆಯ ಉದ್ದಕ್ಕೆ ಅಡ್ಡಡ್ಡ ಕತ್ತರಿಯ ಹಾಗೆ ಬರಬೇಕು. ಗಾಳಿ ರೆಕ್ಕೆಯನ್ನು ತಿರುಚುತ್ತದೆ. ತಿರುಚುವುದನ್ನು ತಡೆಯುವುದು ಓರೆ ಎಳೆ.

ಬಾಚಿದ ಕೂದಲಿನದು ರೆಕ್ಕೆಯ ಬೆನ್ನುಮೂಳೆಗೆ. ಬುಡದಿಂದ ತುದಿಯ ತನಕ ನೇರವಾಗಿ. ಒಂದು ಬೆರಳು ವಾಲಿದರೂ ಬಲ ಬಿತ್ತು ಅಂತ ತಿಳಿ.

ಅಂಗಡಿಯವನನ್ನು ಕೇಳು: ಎಳೆಗಳ ಮೇಲಿನ ಲೇಪ ನಿನ್ನ ರಾಳಕ್ಕೆ ಹೊಂದುತ್ತದೆಯೆ? ಹೊಂದದಿದ್ದರೆ ಎಷ್ಟು ಚೆಂದದ ಬಟ್ಟೆಯೂ ದಂಡ.

ನನ್ನ ಕಾಲು ಹೇಗಿದೆ ಎಂದು ನೀನು ಕೇಳಿಲ್ಲ. ಇದೆ.

ತಂಗಿ

*

ಫೆಬ್ರವರಿ ೧೫

ತಂಗೀ,

ಬಂದಿತು! ಎರಡು ಸುರುಳಿ, ನನ್ನೆತ್ತರ! ಅಂಗಡಿಯವನು ಲೇಪ ಹೊಂದುತ್ತದೆ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದಾನೆ. ಕಾಗದ ಬಿಚ್ಚುತ್ತಿದ್ದಂತೆ ಗೋದಾಮಿನಲ್ಲಿ ಒಂದು ಥರದ ಬೆಳಕು ಹರಡಿತು. ಸುಳ್ಳಲ್ಲ, ನಿನ್ನತ್ತಿಗೆಯೂ ಕಂಡಳು. ಅವಳು ಒಂದು ಅಂಚನ್ನು ಹಿಡಿದಳು, ನಾನು ಇನ್ನೊಂದನ್ನು. ಬೀಸಿದೆವು. ನಡುವೆ ಅದು ಉಬ್ಬಿ, ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಇಳಿಯಿತು. ಐವತ್ತು ನಾಟಕಗಳಿಗೆ ಮೋಡ ಮಾಡಿದ್ದೇನೆ ತಂಗೀ, ಸೀರೆ, ಹತ್ತಿ, ಪಂಚೆ, ಹೊಗೆ ಎಲ್ಲದರಿಂದಲೂ. ಇಂಥ ಮೋಡ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಮೊದಲು ಬಾಲದ ಒಂದು ಸಣ್ಣ ಭಾಗ ಮಾಡಿ ನೋಡಿದೆ. ಬಟ್ಟೆ ಹಾಸಿ, ರಾಳ ಸುರಿದು, ರಬ್ಬರಿನ ಹಲಗೆಯಿಂದ ಮೆಲ್ಲಗೆ ಎಳೆದರೆ ಬಿಳಿ ಬಟ್ಟೆ ಮಾಯವಾಗುತ್ತದೆ! ಇತ್ತು, ಈಗಿಲ್ಲ. ಅದರಡಿಯ ನೀಲಿ ಫೋಮ್ ಕೆರೆಯ ತಳದ ಹಾಗೆ ಕಾಣುತ್ತದೆ. ಇಂಥ ಜಾದೂ ಗೊತ್ತಿದ್ದೂ ನೀನು ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ, ಎಂಥ ಜಿಪುಣಿ!

ಮೈಯೆಲ್ಲ ತುರಿಕೆ. ಗಾಜಿನ ಪುಡಿ ಕಾಲರಿನೊಳಗೆ ಸೇರಿ ರಾಜನನ್ನು ಕೋತಿಯಂತೆ ಕುಣಿಸಿದೆ. ನಿನ್ನತ್ತಿಗೆ ದಿಂಬನ್ನು ಪಡಸಾಲೆಗೆ ಎಸೆದಿದ್ದಾಳೆ.

ಕಾಲು ಹೇಗಿದೆ?

ನಿನ್ನ ಅಣ್ಣ

*

ಮಾರ್ಚ್ ೩

ಅಣ್ಣನಿಗೆ,

ತುರಿಕೆಗೆ ತಣ್ಣೀರು. ಬಿಸಿನೀರು ಹಾಕಿದರೆ ಚರ್ಮದ ರಂಧ್ರ ತೆರೆದು ಪುಡಿ ಒಳಗೆ ಹೋಗುತ್ತದೆ. ತೋಳಿಗೆ ಟಾಲ್ಕಂ ಪೌಡರ್ ಬಳಿದುಕೊಂಡು ಕೆಲಸಕ್ಕೆ ನಿಲ್ಲು. ಬಣ್ಣ ಬಳಿದುಕೊಂಡು ಅಭ್ಯಾಸ ಇದೆಯಲ್ಲ.

ಬಲಗಾಲಿನ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ದೋಣಿಯ ಒಳಮೈ ಇಳಿಜಾರು. ಅಲ್ಲಿ ಎಲ್ಲರೂ ಕುಂಟುತ್ತಾರೆ. ಆದ್ದರಿಂದ ಇಲ್ಲಿ ನನಗೆ ಸರಿಹೋಗಿದೆ.

ನೀನು ಹೇಳಿದ ಜಾದೂ ನನಗೂ ಇಷ್ಟ. ಊಟದ ಬಿಡುವಿನಲ್ಲಿ ಕೆಲವೊಮ್ಮೆ ಬಣ್ಣ ಹಚ್ಚದ ದೋಣಿಯೊಳಗೆ ಮಲಗುತ್ತೇನೆ. ಹೊರಗಿನ ಬಿಸಿಲು ಗಾಜಿನ ಗೋಡೆಯೊಳಗಿಂದ ಹಸಿರಾಗಿ ಸೋಸಿಕೊಂಡು ಬರುತ್ತದೆ. ಹೊರಗೆ ಓಡಾಡುವವರು ನೆರಳಾಗಿ ಈಜುತ್ತಾರೆ. ಹತ್ತು ನಿಮಿಷ ನನಗೆ ತೂಕವೇ ಇರುವುದಿಲ್ಲ. ಆಮೇಲೆ ಮೇಸ್ತ್ರಿ ದೋಣಿಯ ಹೊಟ್ಟೆಗೆ ತಟ್ಟಿ, “ಏಳಮ್ಮಾ ಮಹಾರಾಣಿ, ತೇಲಿದ್ದು ಸಾಕು” ಅಂತಾರೆ. ಅವರಿಗೆ ನನ್ನ ಹಳೆಯ ವೇಷದ ವಿಷಯ ಗೊತ್ತಿಲ್ಲ.

ಈಗ ಮುಖ್ಯವಾದದ್ದು. ರೆಕ್ಕೆಗೆ ಬಟ್ಟೆ ಹಾಸುವ ದಿನ, ಅದೇ ಬಟ್ಟೆ, ಅದೇ ರಾಳದಿಂದ ಪಕ್ಕದಲ್ಲೇ ಒಂದು ಪಟ್ಟಿ ಮಾಡು. ಕೈಯಗಲ, ಮೊಳದುದ್ದ. ಗಟ್ಟಿಯಾದ ಮೇಲೆ ಅದನ್ನು ಮುರಿ. ಎಷ್ಟು ಭಾರಕ್ಕೆ ಮುರಿಯಿತು, ಹೇಗೆ ಮುರಿಯಿತು, ಎರಡೂ ನನಗೆ ಬರೆ. ಗಾಜಿನ ಕೆಲಸದಲ್ಲಿ ಕಣ್ಣನ್ನು ನಂಬುವ ಹಾಗಿಲ್ಲ. ಒಳ್ಳೆಯ ರೆಕ್ಕೆ, ಕೆಟ್ಟ ರೆಕ್ಕೆ, ಹೊರಗಿನಿಂದ ಎರಡೂ ಒಂದೇ. ಪಟ್ಟಿ ಮುರಿಯದೆ ವಿಮಾನ ಹತ್ತಬೇಡ. ಅತ್ತಿಗೆಯನ್ನಂತೂ ಹತ್ತಿಸಲೇಬೇಡ.

ತಂಗಿ

*

ಏಪ್ರಿಲ್ ೧೧

ತಂಗೀ,

ರೆಕ್ಕೆಗಳು ಆದವು! ಎರಡೂ! ಗೋದಾಮಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಚಾಚಿಕೊಂಡು ಮಲಗಿವೆ. ನಾನು ನಡುವೆ ಕುರ್ಚಿ ಹಾಕಿ ಕೂರುತ್ತೇನೆ, ಕಣ್ಣು ಮುಚ್ಚುತ್ತೇನೆ, ಕುರ್ಚಿ ಒಂದು ಗೇಣು ಮೇಲೇಳುತ್ತದೆ. ಎದ್ದಿಲ್ಲ ಎಂದು ಯಾರಾದರೂ ಸಾಬೀತು ಮಾಡಲಿ!

ಓರೆಯನ್ನು ಓರೆಯಾಗಿ, ನೇರವನ್ನು ನೇರವಾಗಿ, ನೀನು ಹೇಳಿದ ಹಾಗೇ ಹಾಸಿದೆ. ಬೆನ್ನುಮೂಳೆಯ ಎಳೆಗಳನ್ನು ಬಾಚಣಿಗೆ ಹಿಡಿದು ಸರಿಮಾಡಿದೆ. ನಿನ್ನತ್ತಿಗೆ ನೋಡಿ, “ನನ್ನ ತಲೆ ಯಾವತ್ತಾದ್ರೂ ಹಿಂಗೆ ಬಾಚಿದ್ರಾ?” ಎಂದು ಕೇಳಿ ಒಳಗೆ ಹೋದವಳು ಎರಡು ದಿನ ಮಾತಾಡಲಿಲ್ಲ.

ಮತ್ತೆ ಕೇಳು, ನಮ್ಮ ಕಂಪನಿಯ ಮರ್ಯಾದೆ ನಾನು ಬಿಟ್ಟಿಲ್ಲ. ಅಮ್ಮನ ಕಾನೂನು ನೆನಪಿದೆಯಲ್ಲ, ತೊಳೆಯದ ಬಟ್ಟೆ ರಂಗದ ಮೇಲೆ ಬರಕೂಡದು. ಗೋದಾಮಿನ ಧೂಳಿನಲ್ಲಿ ತಿಂಗಳಿಗೂ ಮೇಲೆ ಇದ್ದ ಬಟ್ಟೆ, ಹಾಗೇ ಹಾಸಲು ಮನಸ್ಸಾಗಲಿಲ್ಲ. ರೆಕ್ಕೆಗೆ ಬೇಕಾದಷ್ಟನ್ನೂ ಸಾಬೂನಿನಲ್ಲಿ ಅದ್ದಿ, ಎರಡು ಸಲ ಜಾಲಿಸಿ, ಅಂಗಳದ ತಂತಿಯ ಮೇಲೆ ಒಣಹಾಕಿ, ಹದವಾಗಿ ಇಸ್ತ್ರಿ ಹಾಕಿ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟೆ. ತಂತಿಯ ಮೇಲೆ ಅದು ಬೀಸಿದ ಚೆಂದ! ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು.

ಹಾಸುವಾಗ ಕೆಲವು ಕಡೆ ಬಟ್ಟೆ ಪೂರ್ತಿ ಮಾಯವಾಗಲಿಲ್ಲ. ಅಲ್ಲಲ್ಲಿ ಮಂಜಿನಂತೆ ಬೆಳ್ಳಗೆ ಉಳಿಯಿತು. ನೀಲಿಯ ಮೇಲೆ ಬಿಳಿ, ಥೇಟ್ ಆಕಾಶ. ಯಾವ ಚಿತ್ರಗಾರನೂ ಹಾಗೆ ಬರೆಯಲಾರ.

ಪಟ್ಟಿಯನ್ನೂ ಮಾಡಿಟ್ಟಿದ್ದೇನೆ. ಮುರಿಯುತ್ತೇನೆ, ಪುರುಸೊತ್ತಾದಾಗ.

ಮೋಡದ ಪಕ್ಕದಲ್ಲಿ ಕೂತಿರುವ
ನಿನ್ನ ಅಣ್ಣ

*

ಏಪ್ರಿಲ್ ೧೮

ಅಣ್ಣಾ,

ಕೆಲಸ ನಿಲ್ಲಿಸು. ಇವತ್ತೇ ಪಟ್ಟಿ ಮುರಿ.

ಗಾಜಿನ ಎಳೆ ನೂಲಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಇರುತ್ತದೆ. ಲೇಪ ಹೊಂದುತ್ತದೆಯೆ ಕೇಳು ಅಂದಿದ್ದೆನಲ್ಲ, ಅದೇ. ಗಾಜಿನ ಕೈಯನ್ನೂ ರಾಳದ ಕೈಯನ್ನೂ ಒಟ್ಟಿಗೆ ಹಿಡಿದಿರುವುದು ಅದು. ಸಾಬೂನಿನಲ್ಲಿ ಜಾಲಿಸಿದರೆ ಲೇಪ ಕೆಡುತ್ತದೆ, ಸಾಬೂನಿನ ಜಿಡ್ಡು ಉಳಿಯುತ್ತದೆ, ಎಳೆಗಳ ನಡುವೆ ಪಸೆ ಅಡಗಿ ಕೂರುತ್ತದೆ. ಮಡಿಸಿ ಇಸ್ತ್ರಿ ಒತ್ತಿದ ಗೆರೆಯಲ್ಲಿ ಎಳೆಗಳು ಮುರಿದೇ ಹೋಗಿರುತ್ತವೆ. ಅದಕ್ಕೇ ಈ ಬಟ್ಟೆಯನ್ನು ಸುರುಳಿಯಲ್ಲಿ ಇಡುವುದು. ಕೈಯ ಬೆವರು ತಾಗಬಾರದು ಅಂತ ನಾವು ಕೈಗವಸು ಹಾಕುತ್ತೇವೆ.

ನೀನು ಆಕಾಶ ಅಂದುಕೊಂಡದ್ದು ಆಕಾಶವಲ್ಲ. ರಾಳ ಹಿಡಿಯದ ಜಾಗ.

ಅಮ್ಮನ ಕಾನೂನು ನನಗೂ ಗೊತ್ತಿತ್ತು. ತೊಳೆಯಬೇಡ ಅಂತ ಮೊದಲೇ ಬರೆಯಬೇಕಿತ್ತು. ಇಂಥದೊಂದನ್ನು ಜಗತ್ತಿನಲ್ಲಿ ನಮ್ಮ ಮನೆಯವರು ಮಾತ್ರ ಮಾಡಬಲ್ಲರು ಎಂದು ನನಗೆ ಹೊಳೆಯದೆ ಹೋಯಿತು.

ಪಟ್ಟಿ ಮುರಿದು ಬರೆ.

ತಂಗಿ

*

ಜೂನ್ ೨೦

ನಾದಿನಿಗೆ ಅತ್ತಿಗೆಯ ಆಶೀರ್ವಾದಗಳು.

ನನಗೆ ಪತ್ರ ಬರೆದು ಅಭ್ಯಾಸ ಇಲ್ಲ. ನಿಮ್ಮಣ್ಣ ಎರಡು ತಿಂಗಳಿಂದ ನಿನಗೆ ಬರೆದಿಲ್ಲ ಅಂತ ಗೊತ್ತಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಏಪ್ರಿಲ್‌ನ ಪತ್ರ ಬಂದ ದಿನ ಅವರು ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕಿಟಕಿಯಿಂದ ನೋಡಿದೆ. ಎರಡು ಇಟ್ಟಿಗೆಯ ಮೇಲೆ ಆ ಪಟ್ಟಿ ಇಟ್ಟು, ನಡುವೆ ಬಕೆಟ್ ನೇತುಹಾಕಿ ಮರಳು ಸುರಿಯುತ್ತಿದ್ದರು. ಅರ್ಧ ಬಕೆಟ್ಟಿಗೇ ಮುರಿಯಿತು. ಟಪ್ ಅನ್ನಲಿಲ್ಲ, ಹಳೆಯ ಪುಸ್ತಕದ ಹಾಳೆ ಬಿಚ್ಚಿದ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಅವರು ಆ ಚೂರುಗಳನ್ನು ಜೇಬಿಗೆ ಹಾಕಿಕೊಂಡರು. ಊಟಕ್ಕೆ ಕೂತಾಗ ಕೇಳಿದೆ, “ಏನಂತೆ ತಂಗಿ?” ಅದಕ್ಕೆ ಅವರು, “ಎಲ್ಲಾ ಸರಿ ಇದೆ ಅಂದಿದ್ದಾಳೆ ಕಣೇ, ಭೇಷ್ ಅಂದಿದ್ದಾಳೆ” ಅಂದರು. ಸಾರು ಬಡಿಸಿಕೊಳ್ಳುವುದನ್ನೇ ಮರೆತು ಬರೀ ಅನ್ನ ತಿಂದರು.

ಆಮೇಲೆ ಬಿಳಿ ಬಣ್ಣ ತಂದು ರೆಕ್ಕೆಗೆ ಬಳಿದರು. ಮೂರು ಕೋಟು. ಈಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಬರುವ ತಿಂಗಳು ಎರಡನೇ ವಾರ ತಪಾಸಣೆಯ ಅಧಿಕಾರಿ ಬರುತ್ತಾರಂತೆ. ಅವರು ಸಹಿ ಹಾಕಿದರೆ ಹಾರಬಹುದು. ನನಗೆ ಸೀಟಿಗೆ ಮೆತ್ತೆ ಹೊಲಿದುಕೋ ಅಂದಿದ್ದಾರೆ. ಹೊಲಿಯುತ್ತಾ ಕೂತಿದ್ದೇನೆ, ಸೂಜಿ ಮುಂದಕ್ಕೆ ಹೋಗುತ್ತಿಲ್ಲ.

ಇಪ್ಪತ್ತೆಂಟು ವರ್ಷ ಅವರ ನಾಟಕ ನೋಡಿದ್ದೇನಮ್ಮಾ. ಯಾವ ಮಾತು ಪಾತ್ರದ್ದು, ಯಾವುದು ಅವರದ್ದು, ನನಗೆ ಗೊತ್ತಾಗುತ್ತದೆ. ನಿಜ ಹೇಳು. ಸರಿ ಇದೆ ಅಂತ ನೀನು ಹೇಳಿದ್ದೀಯಾ?

ನಿನ್ನ ಅತ್ತಿಗೆ

*

ಜೂನ್ ೨೬

ಅತ್ತಿಗೆಗೆ ನಮಸ್ಕಾರ.

ನಾನು ಹಾಗೆ ಹೇಳಿಲ್ಲ. ಆ ರೆಕ್ಕೆ ನಿಮ್ಮಿಬ್ಬರನ್ನು ಹೊರುವುದಿಲ್ಲ. ನೀವು ಹತ್ತಬೇಡಿ. ಹಾರುವ ದಿನ ಗೊತ್ತಾದ ಕೂಡಲೇ ನನಗೆ ಫೋನ್ ಮಾಡಿ. ನಾನೇ ವಿಮಾನ ನಿಲ್ದಾಣಕ್ಕೆ ಬರೆದು ತಡೆಯುತ್ತೇನೆ. ಆ ಪತ್ರ ಬರೆದು ಮೇಜಿನ ಮೇಲಿಟ್ಟಿದ್ದೇನೆ, ಅಂಚೆಗೆ ಹಾಕುವುದೊಂದೇ ಬಾಕಿ.

ಅಲ್ಲಿಯ ತನಕ ಅವನಿಗೆ ನಾವಿಬ್ಬರೂ ಏನೂ ಹೇಳುವುದು ಬೇಡ. ನಿಮಗೆ ಕಷ್ಟ ಅಂತ ಗೊತ್ತು. ಅವನ ಬಾಯಿಂದ ಒಂದು ನಿಜ ಬರಲಿ ಅಂತ ನಾನು ಬಹಳ ಕಾಲ ಕಾದಿದ್ದೇನೆ ಅತ್ತಿಗೆ. ಇನ್ನು ಎರಡು ವಾರ ಕಾಯಲು ಬಿಡಿ.

ಮೆತ್ತೆ ಹೊಲಿಯುವುದನ್ನು ನಿಲ್ಲಿಸಿ. ಅವನಿಗೆ ಕಾಣುವ ಹಾಗೆ ನಿಲ್ಲಿಸಿ.

ನಾದಿನಿ

*

ಜುಲೈ ೧೨

ತಂಗೀ,

ಇಂದು ಪರದೆ, ತುತ್ತೂರಿ ಏನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ. ಅಭ್ಯಾಸವಿಲ್ಲ, ತಡೆದುಕೋ.

ಬೆಳಿಗ್ಗೆ ಹತ್ತಕ್ಕೆ ತಪಾಸಣೆಯ ಅಧಿಕಾರಿ ಬಂದರು. ಸಣ್ಣ ಮೈ, ದೊಡ್ಡ ಚೀಲ, ನಗದ ಮುಖ. ರೆಕ್ಕೆ ನೋಡಿದ ಕೂಡಲೇ, “ಬಣ್ಣಕ್ಕೆ ಮುಂಚೆ ಕರೀಬೇಕಿತ್ತಲ್ರೀ” ಎಂದರು. “ಆತುರ ಸ್ವಾಮಿ, ಕಲಾವಿದನ ಆತುರ!” ಎಂದೆ. ಅವರು ಜೇಬಿನಿಂದ ಒಂದು ನಾಣ್ಯ ತೆಗೆದು ರೆಕ್ಕೆಯ ಉದ್ದಕ್ಕೂ ಬಡಿಯುತ್ತಾ ಹೋದರು. ಬಾಗಿ ಕಿವಿಯಿಟ್ಟರು. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗುತ್ತದಂತೆ. ಎಲ್ಲ ಕಡೆಯೂ ಟಣ್ ಎಂದೇ ಕೇಳಿತು. ನನ್ನ ರೆಕ್ಕೆ ನನ್ನಷ್ಟೇ ಚೆನ್ನಾಗಿ ನಟಿಸಿತು.

“ರೆಕ್ಕೆ ಜೊತೆ ಮಾಡಿದ ಪಟ್ಟಿ ಎಲ್ಲಿ?” ಎಂದು ಕೇಳಿದರು.

ಕೊಟ್ಟೆ. ತಂಗೀ, ಅದು ಆ ಪಟ್ಟಿಯಲ್ಲ. ಮೊದಲನೆಯದು ಅರ್ಧ ಬಕೆಟ್ ಮರಳಿಗೆ ಪದರ ಬಿಚ್ಚಿತ್ತು. ಸುರುಳಿಯಲ್ಲಿ ತೊಳೆಯದ ಬಟ್ಟೆ ಉಳಿದಿತ್ತಲ್ಲ, ಅದರಿಂದ ಇನ್ನೊಂದನ್ನು ಮಾಡಿಟ್ಟುಕೊಂಡಿದ್ದೆ. ಅದು ಎರಡೂವರೆ ಬಕೆಟ್ ಹೊರುತ್ತದೆ. ಅಧಿಕಾರಿ ಅದನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿದರು, ಬೆಳಕಿಗೆ ಹಿಡಿದರು. ಮೊದಲ ಸಲ ಅವರ ಮುಖ ಸಡಿಲಾಯಿತು. “ಚೆನ್ನಾಗಿ ಮಾಡಿದೀರ. ಈ ವಯಸ್ಸಿನಲ್ಲಿ, ಒಬ್ಬರೇ. ನಮ್ಮಪ್ಪನಿಗೂ ಇಂಥದೊಂದು ಹುಚ್ಚಿತ್ತು” ಎಂದರು. ಪೆನ್ನು ತೆಗೆದರು.

ನಿನ್ನತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಧ ಹೊಲಿದ ಮೆತ್ತೆ. ಎರಡು ವಾರದಿಂದ ಅವಳು ಅದನ್ನು ಮುಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಇಂದು ಅದನ್ನು ತಂದು ನನ್ನ ಕೈಗಿಟ್ಟು, “ಇಷ್ಟೇ ಸಾಕೋ, ಪೂರ್ತಿ ಮಾಡ್ಲೋ?” ಎಂದು ಕೇಳಿದಳು. ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ಅವಳಿಗೆ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು. ನಾನು “ಪೂರ್ತಿ ಮಾಡು” ಎಂದರೆ ಪೂರ್ತಿ ಮಾಡಿ ಪಕ್ಕದಲ್ಲಿ ಕೂರುವವಳೇ ಎಂಬುದೂ ತಿಳಿಯಿತು.

ಸಾವಿರ ಸಂಭಾಷಣೆ ಬಾಯಿಪಾಠ ಇರುವವನು ನಾನು. ಒಂದೂ ಬರಲಿಲ್ಲ. “ಸಹಿ ಹಾಕಬೇಡಿ” ಎಂದೆ. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಅಧಿಕಾರಿ “ಏನಂದ್ರಿ?” ಎಂದು ಕೇಳಿದರು. ಮತ್ತೆ ಹೇಳಿದೆ. ಪಟ್ಟಿ ಬೇರೆ, ರೆಕ್ಕೆ ಬೇರೆ ಎಂದು ಹೇಳಿದೆ. ಸಾಬೂನು, ಇಸ್ತ್ರಿ, ಬಿಳಿ ಬಣ್ಣ, ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಅದನ್ನು ಚೀಲಕ್ಕೆ ಹಾಕುತ್ತಾ, “ಗರಗಸ ಇದೆಯಾ? ನಾನಿರುವಾಗಲೇ ಕೊಯ್ದುಬಿಡಿ. ಆಮೇಲೆ ಮನಸ್ಸು ಬರೋದಿಲ್ಲ” ಎಂದರು.

ಕೊಯ್ದೆ. ನಿನ್ನತ್ತಿಗೆ ಒಂದು ತುದಿ ಹಿಡಿದಿದ್ದಳು. ಎಡ ರೆಕ್ಕೆ ನಾಲ್ಕು ತುಂಡು, ಬಲ ರೆಕ್ಕೆ ನಾಲ್ಕು. ಒಳಗೆ ಕೆಲವು ಕಡೆ ಬಟ್ಟೆಯನ್ನು ಉಗುರಿನಿಂದ ಎಬ್ಬಿಸಿದರೆ ಹಾಗೇ ಎದ್ದು ಬಂತು, ಒಣಗಿದ ಗಾಯದ ಹಕ್ಕಳೆಯ ಹಾಗೆ.

ಇನ್ನೊಂದು ಹೇಳುವುದಿದೆ.

ಆ ದಿನ ಆಟಕ್ಕೆ ಮುಂಚೆ ಹಗ್ಗ ನೋಡಿದೆ ಎಂದು ಹೇಳಿದ್ದೆ. ನೋಡಿದ್ದು ನಿಜ. ರಾಟೆಯ ಹತ್ತಿರ ಮೂರರಲ್ಲಿ ಒಂದು ಹುರಿ ಹರಿದಿತ್ತು. ಒಳಗಿನ ಬಿಳಿ ನಾರು ಹೊರಗೆ ಬಂದಿತ್ತು. ಹೊಸ ಹಗ್ಗ ಪಕ್ಕದ ಕೋಣೆಯ ಪೆಟ್ಟಿಗೆಯಲ್ಲಿತ್ತು. ಜನ ತುಂಬಿದ್ದರು, ಅಪ್ಪ ಗಂಟೆ ಬಾರಿಸು ಎಂದು ಕೂಗುತ್ತಿದ್ದರು. ಬದಲಾಯಿಸಲು ಅರ್ಧ ತಾಸು ಬೇಕಿತ್ತು. ಹಗ್ಗ ಪ್ರೇಕ್ಷಕರಿಗೆ ಕಾಣಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಿಳಿ ನಾರು ದೀಪಕ್ಕೆ ಹೊಳೆಯುತ್ತಿತ್ತು. ಕಪ್ಪು ಬಣ್ಣ ಬಳಿದೆ. ಬಳಿದು ಕೆಳಗಿಳಿದು, ನಿನ್ನ ಸೊಂಟಕ್ಕೆ ಅದನ್ನು ಕಟ್ಟಿದೆ. ನೀನು “ಗಟ್ಟಿ ಇದೆಯಾ ಅಣ್ಣಾ?” ಎಂದು ಕೇಳಿದೆ. ಕಲ್ಲು ಎಂದೆ.

ವಿಧಿಯಲ್ಲ. ನಾನು.

ಕ್ಷಮೆ ಕೇಳುವ ಒಂದು ಸಾಲು ಇಲ್ಲಿ ಬರೆದಿದ್ದೆ. ಓದಿದರೆ ನಾಟಕದ ಸಾಲಿನ ಹಾಗೆ ಕೇಳಿತು, ಹೊಡೆದುಹಾಕಿದ್ದೇನೆ.

ಅಣ್ಣ

*

ಜುಲೈ ೨೩

ಅಣ್ಣಾ,

ಗೊತ್ತಿತ್ತು.

ಬೀಳುವಾಗ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ತುಂಡಾದ ತುದಿ ನನ್ನ ಮುಷ್ಟಿಯಲ್ಲೇ ಬಂತು. ಆಸ್ಪತ್ರೆಯಲ್ಲಿ ನರ್ಸು ನನ್ನ ಅಂಗೈ ಒರೆಸುತ್ತಾ, “ಏನಮ್ಮಾ ಇದು, ಬಣ್ಣ ಇನ್ನೂ ಹಸಿಯಿದೆ?” ಎಂದು ಕೇಳಿದರು. ನಾಟಕದವರು, ಹಾಗೇ ಎಂದೆ.

ನಾನು ಹೊರಟುಹೋದದ್ದು ಕಾಲು ಮುರಿದದ್ದಕ್ಕಲ್ಲ. ಅವತ್ತು ಆಸ್ಪತ್ರೆಯಲ್ಲಿ ನೀನು ನನ್ನ ಹಾಸಿಗೆಯ ಪಕ್ಕ ನಿಂತು ವಿಧಿಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆ! ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡರು. ನಾನು ನಿನ್ನ ಕೈಯನ್ನೇ ನೋಡುತ್ತಿದ್ದೆ. ಉಗುರಿನ ಸಂದಿಯಲ್ಲಿ ಕಪ್ಪಿತ್ತು.

ಹೊಡೆದುಹಾಕಿದ ಸಾಲನ್ನು ನಾನು ಬೆಳಕಿಗೆ ಹಿಡಿದು ಓದಿದೆ. ಪರವಾಗಿಲ್ಲ, ಅಷ್ಟೇನೂ ಕೆಟ್ಟದಾಗಿರಲಿಲ್ಲ. ಅದಕ್ಕೆ ಉತ್ತರ ಇನ್ನೂ ನನ್ನ ಹತ್ತಿರ ಇಲ್ಲ. ಇದ್ದೀತು ಅಂತ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದಾಗ ಹೇಳುತ್ತೇನೆ, ಸಿಗದಿದ್ದರೂ ಹೇಳುತ್ತೇನೆ.

ಮೇಸ್ತ್ರಿ ಎರಡು ವಾರ ರಜೆ ಕೊಟ್ಟಿದ್ದಾರೆ. ಫೋಮ್ ಹೊಸದಾಗಿ ಕತ್ತರಿಸಿಡು. ಉಳಿದ ಬಟ್ಟೆ ಎಷ್ಟಿದೆ ಅಳೆ, ಸಾಲದಿದ್ದರೆ ಅದೇ ಅಂಗಡಿಯಿಂದ ಅದೇ ಸ್ಯಾಟಿನ್ ತರಿಸು. ಬಂದ ಸುರುಳಿಯನ್ನು ನೀನು ಬಿಚ್ಚಬೇಡ. ಮುಟ್ಟಲೂ ಬೇಡ. ಅತ್ತಿಗೆಗೆ ಹೇಳು, ಮನೆಯಲ್ಲಿರುವ ಸಾಬೂನನ್ನೆಲ್ಲ ನಾನು ಹೋಗುವ ತನಕ ಬಚ್ಚಿಡಲಿ. ನೀನು ಸ್ನಾನ ಮಾಡದಿದ್ದರೂ ಅಡ್ಡಿಯಿಲ್ಲ.

ಗುರುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ರಾಳ ಒತ್ತುವ ಉರುಳೆ, ಕತ್ತರಿ, ಕೈಗವಸು, ಎಲ್ಲ ತರುತ್ತಿರುವುದರಿಂದ ನನ್ನ ಎರಡು ಕೈಯೂ ತುಂಬಿರುತ್ತವೆ. ಆ ಬಸ್ಸಿನ ಕಡೆಯ ಮೆಟ್ಟಿಲು ಬಹಳ ಎತ್ತರ, ನನ್ನ ಕಾಲಿಗೆ ನೆಲ ಸಿಗುವುದಿಲ್ಲ.

ಬಾಗಿಲ ಹತ್ತಿರವೇ ನಿಂತಿರು. ಇಳಿಯುವಾಗ ಹಿಡಿದುಕೋ.

ತಂಗಿ